ಆರಡಿಯ ಕೆಳಗೆ

"ಆರಡಿ ಆಯ್ತು ಅತ್ತೆ," ಎಂದು ಗುಂಡಿಯೊಳಗಿಂದ ಹೇಳಿದ ಸೋದರಳಿಯ, ಸಲಿಕೆಯನ್ನು ಮಣ್ಣಿನ ಗೋಡೆಗೆ ಒರಗಿಸಿ ಸೊಂಟ ಹಿಡಿದುಕೊಂಡು ನಿಂತ. ಬೆಳಗಿನ ಆರು ಗಂಟೆಯಿಂದ ಬಗ್ಗಿದ ಸೊಂಟ. ಅದಕ್ಕೂ ನಲವತ್ತೆಂಟು ವರ್ಷವಾಗಿತ್ತು.

"ಇನ್ನೂ ಎರಡಡಿ," ಎಂದಳು ಅಂಚಿನಲ್ಲಿ ನಿಂತಿದ್ದ ಅತ್ತೆ.

"ಆರಕ್ಕಿಂತ ಕೆಳಗೆ ಹೋಗ್ಬಾರ್ದು ಅಂತ ಸ್ಮಶಾನದ ಸಮಿತಿಯವರು ಬರೆದು ಅಂಟಿಸಿದ್ದಾರಲ್ಲ."

"ಅಂಟಿಸಿದೋರು ಬಂದು ಕೇಳ್ಲಿ, ನಾನಿದ್ದೀನಿ. ನಾಳೆ ನನ್ನನ್ನೂ ನಿಮ್ಮ ಮಾವನ ಮೇಲೇ ಮಲಗಿಸ್ಬೇಕು. ಜಾಗ ಬೇಡ್ವಾ?"

ಅದು ಅರ್ಧ ಕಾರಣವೆಂದು ಅಳಿಯನಿಗೆ ಗೊತ್ತಿತ್ತು. ಇನ್ನರ್ಧವನ್ನು ಅವಳು ಹತ್ತೊಂಬತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದಳು. ಎಂಟಡಿಯ ಹತ್ತಿರ ಒಂದು ಕಪ್ಪು ಪದರ ಸಿಕ್ಕಿದರೆ ಗಂಡ ಮರ್ಯಾದೆಯಿಂದ ಮಲಗುತ್ತಾನೆ. ಸಿಗದಿದ್ದರೆ ಊರು ಆಡಿಕೊಂಡದ್ದೇ ನಿಜವಾಗಿ, ಅದರ ಸಮೇತ ಅವನನ್ನು ಮುಚ್ಚಬೇಕು.

ಗಂಡ ಗೇಟಿನ ಪಕ್ಕದ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ, ಮದುವೆಯ ಕೋಟು ತೊಟ್ಟು ಮಲಗಿದ್ದ. ಹೊಟ್ಟೆಗೆ ಬಿಗಿಯಾಗುತ್ತದೆಂದು ಕೋಟನ್ನು ಬೆನ್ನ ಕಡೆ ಕತ್ತರಿಸಿ ತೊಡಿಸಿದ್ದರು. ಮೂವತ್ತೊಂದು ವರ್ಷ ಈ ಸ್ಮಶಾನದ ಗುಂಡಿಗಳನ್ನೆಲ್ಲ ತೋಡಿದವನು ಅವನೇ. ಐದಡಿಯ ಮನುಷ್ಯನಿಗೆ ಊರು ಇಟ್ಟ ಹೆಸರು 'ಆರಡಿ'. ಕೆಲಸ ಮುಗಿದ ಮೇಲೆ ಗುಂಡಿ ಹತ್ತಿ ಬರಲು ಏಣಿ ಬೇಕಾಗುತ್ತಿತ್ತು, ಅದಕ್ಕೆ ಅವನೇ ಮೊದಲು ನಗುತ್ತಿದ್ದ.

ಹತ್ತು ಗಂಟೆಗೆ ಜನ ಒಬ್ಬೊಬ್ಬರಾಗಿ ಬಂದರು. ದರ್ಜಿ ಗುಂಡಿಯೊಳಗೆ ಬಗ್ಗಿ ನೋಡಿ, "ನನ್ನ ಹೆಂಡ್ತಿಗೆ ಅವನು ತೋಡಿದ ಗುಂಡಿ ನೋಡ್ಬೇಕಿತ್ತು ನೀವು. ಮೂಲೆ ಅಂದ್ರೆ ಮೂಲೆ. ನಾನು ಬಟ್ಟೆ ಕತ್ತರಿಸಿದ್ರೂ ಅಷ್ಟು ನೇರ ಬರಲ್ಲ," ಎಂದ.

"ಅಷ್ಟು ನೇರ ಇದ್ದೋನು ಆವತ್ತೊಂದಿನ ಯಾಕೆ ಪಕ್ಕಕ್ಕೆ ಹೋದ್ನೋ," ಎಂದ ನಿವೃತ್ತ ಪೋಸ್ಟ್‌ಮನ್. ಅಷ್ಟರಲ್ಲಿ ಬೇಕರಿಯ ಯಜಮಾನರು ಬಂದದ್ದು ಕಂಡು ಟೋಪಿ ಸರಿಮಾಡಿಕೊಂಡು ಸುಮ್ಮನಾದ.

ಬೇಕರಿಯವರು ಯಾರನ್ನೂ ಮಾತಾಡಿಸಲಿಲ್ಲ. ಸಾಲಿನ ಆ ತುದಿಯಲ್ಲಿದ್ದ ತಮ್ಮ ತಂದೆಯ ಸಮಾಧಿಯ ಬಳಿ ಹೋಗಿ ನಿಂತರು.

*

ಆ ಸಮಾಧಿಯ ಪಕ್ಕದಲ್ಲೇ, ಹತ್ತೊಂಬತ್ತು ವರ್ಷದ ಹಿಂದೆ, ಮಾಸ್ತರ ದಂಪತಿಗೆಂದು ಎಂಟಡಿ ತೋಡಿದ್ದ ಆರಡಿ. ತೀರಿಕೊಂಡ ಮಾಸ್ತರರು ಕೆಳಗೆ, ಮುಂದೊಂದು ದಿನ ಹೆಂಡತಿ ಮೇಲೆ ಎಂಬ ಏರ್ಪಾಡು.

ಆ ದಿನಗಳಲ್ಲಿ ವಿಶ್ವವಿದ್ಯಾಲಯದಿಂದ ಒಬ್ಬಾಕೆ ಬರುತ್ತಿದ್ದಳು. ರಸ್ತೆ ಅಗೆದಲ್ಲಿ, ಪಾಯ ತೆಗೆದಲ್ಲಿ ಕೂತು ಕಲ್ಲುಗಳನ್ನು ತಿರುಗಿಸಿ ನೋಡುವವಳು. ಊರಿಗೆ ಅವಳು ಕಲ್ಲು ಮೇಡಂ. ಗೀರು ಬಿದ್ದ ಕಲ್ಲು ಸಿಕ್ಕಿದರೆ ಆರಡಿ ಅವಳಿಗೆಂದು ಕಿಟಕಿಯ ಮೇಲೆ ಎತ್ತಿಡುತ್ತಿದ್ದ.

"ಈ ಕೆಂಪು ಕಲ್ಲು ನಮ್ಮ ಬೆಟ್ಟದ್ದಲ್ಲ ಮೇಡಂ. ಯಾರು ತಂದು ಹಾಕಿದ್ರು?" ಎಂದು ಅವನು ಒಮ್ಮೆ ಕೇಳಿದ.

"ಹಿಮ ತಂದಿದ್ದು. ಉತ್ತರದ ಬೆಟ್ಟಗಳಿಂದ ಮೈಲಿ ದಪ್ಪದ ಹಿಮದ ಹಾಸು ಇಲ್ಲೀತನಕ ಜಾರಿಕೊಂಡು ಬಂದಿತ್ತು. ದಾರೀಲಿ ಸಿಕ್ಕಿದ ಕಲ್ಲು ಮಣ್ಣೆಲ್ಲ ಉಜ್ಜಿ, ಗೀರು ಬೀಳಿಸಿ, ಎಳ್ಕೊಂಡು ಬಂತು. ಕರಗಿ ಹೋಗುವಾಗ ಬಿಟ್ಟು ಹೋಯ್ತು."

"ಅಂದ್ರೆ ನಾವೆಲ್ಲ ಸತ್ತ ಮೇಲೆ ಮಲಗೋದು ಬೇರೆ ಊರಿನ ಮಣ್ಣಲ್ಲಿ. ಅವರು ವಾಪಸ್ ಕೇಳದಿದ್ರೆ ಸಾಕು," ಎಂದ ಆರಡಿ.

ಇಲ್ಲಿ ಹಿಮ ಬಂದದ್ದು ಒಂದೇ ಸಲ ಎಂದು ಆಗ ಮೇಡಂ ನಂಬಿದ್ದಳು. ಹಾಗೆಂದು ಬರೆದೂ ಇದ್ದಳು. ಅಂಥ ಹೊತ್ತಿನಲ್ಲಿ ಆರಡಿ ಮಾಸ್ತರರ ಗುಂಡಿಯ ತಳದಿಂದ ಗೇಣುದ್ದದ ಕಪ್ಪು ಮರದ ತುಂಡೊಂದನ್ನು ತಂದು, ಸ್ಮಶಾನದ ಕಚೇರಿಯ ಮೇಜಿನ ಮೇಲಿಟ್ಟ. ದಿನವಿಡೀ ನಡೆದು ಸುಸ್ತಾಗಿದ್ದ ಮೇಡಂ ಅದನ್ನು ಒಂದು ಸಲ ತಿರುಗಿಸಿ ನೋಡಿ, "ಯಾವುದೋ ಹಳೇ ಪೆಟ್ಟಿಗೆ ಹಲಗೆ ಇರ್ಬೇಕು ಬಿಡಿ," ಎಂದುಬಿಟ್ಟಳು. ಎದುರಿಗೆ ಗುಮಾಸ್ತ ಕೂತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಬ್ರೆಡ್ಡು ಒಲೆಯಿಂದ ಇಳಿಯುವ ಹೊತ್ತಿಗೆ ಸುದ್ದಿ ಬೇಕರಿಗೆ ಮುಟ್ಟಿತ್ತು. ಆರಡಿ ಪಕ್ಕಕ್ಕೆ ಕಡಿದು ಬೇಕರಿಯವರ ಅಪ್ಪನ ಪೆಟ್ಟಿಗೆ ಮುರಿದನಂತೆ. ಗುಂಡಿ ತೋಡುವವನ ಮೇಲೆ ಇದಕ್ಕಿಂತ ದೊಡ್ಡ ಅಪವಾದವಿಲ್ಲ.

"ಒಂದಂಗುಲ ಪಕ್ಕಕ್ಕೆ ಹೋಗಿಲ್ಲ ನಾನು," ಎಂದಷ್ಟೇ ಹೇಳಿದ ಆರಡಿ ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಮತ್ತೆ ಅದೇ ಎಂಟಡಿಯ ತಳದಲ್ಲಿ ಹೂತು ಬಂದ. ಮರುದಿನ ಮಾಸ್ತರರನ್ನು ಅದರ ಮೇಲೆ ಮಲಗಿಸಿದರು.

ಆರಡಿಯ ಹೆಂಡತಿ ಹಣೆ ಚಚ್ಚಿಕೊಂಡಳು. "ನಿಮಗೆ ತಲೆ ಕೆಟ್ಟಿದ್ಯಾ? ಇದ್ದದ್ದೊಂದೇ ಸಾಕ್ಷಿ ಅದು."

"ಪೆಟ್ಟಿಗೆ ಅಲ್ಲ ಅಂತ ನಂಗೊತ್ತು ಕಣೇ. ಅಕಸ್ಮಾತ್ ಹೌದಾಗಿದ್ರೆ? ಯಾರದೋ ಕೊನೇ ಮನೇನ ಕೈಲಿ ಹಿಡ್ಕೊಂಡು ಊರೆಲ್ಲ ತೋರಿಸ್ತಾ ಓಡಾಡ್ಲಾ?"

ತಿಂಗಳಾದ ಮೇಲೆ ಮೇಡಂ ಓಡೋಡಿ ಬಂದಳು. ಆ ತುಂಡು ಚಪ್ಪಟೆಯಾಗಿದ್ದದ್ದು ಅವಳ ನಿದ್ದೆ ಕೆಡಿಸಿತ್ತು. ಎಂಟಡಿ ಮಣ್ಣಿನ ಭಾರಕ್ಕೆ ಪೆಟ್ಟಿಗೆಯ ಹಲಗೆ ಹಾಗೆ ಅಪ್ಪಚ್ಚಿಯಾಗುವುದಿಲ್ಲ. ಆದರೆ ತುಂಡು ಮಾಸ್ತರರ ಕೆಳಗಿತ್ತು. ಸಮಿತಿ ಅಷ್ಟರಲ್ಲಿ ಆರು ಅಡಿಯ ನಿಯಮ ಅಂಟಿಸಿತ್ತು, ಸ್ಮಶಾನದಲ್ಲಿ ಕೊರೆಯಲು ಅವಳಿಗೆ ಅನುಮತಿ ಕೊಡಲಿಲ್ಲ. ಹೊರಗೆ ನಾಲ್ಕು ಕಡೆ ಕೊರೆಸಿದಳು, ಎಲ್ಲೂ ಏನೂ ಸಿಗಲಿಲ್ಲ. ಆರಡಿ ಅವಳಿಗೆ ಒಂದು ಕಟು ಮಾತೂ ಆಡದೆ ಕೂರಿಸಿ ಚಹ ಕೊಡಿಸಿದ. ಹೆಂಡತಿ ಮಾತ್ರ ಬೇಕೆಂದೇ ಸಕ್ಕರೆ ಹಾಕಿರಲಿಲ್ಲ.

*

ಇವತ್ತು ಮೇಡಂಗೆ ಫೋನು ಮಾಡಿಸಿದ್ದೂ ಅದೇ ಹೆಂಡತಿ. ಕೂದಲು ಪೂರಾ ಬೆಳ್ಳಗಾದ ಮೇಡಂ, ಬಂದಾಗಿನಿಂದ ಕೈಕಟ್ಟಿ ಗುಂಡಿಯನ್ನೇ ನೋಡುತ್ತಿದ್ದಳು.

"ಎಂಟಾಯ್ತು ಅತ್ತೆ," ಎಂದ ಅಳಿಯ. ಅವನ ದನಿ ಇಳಿದಿತ್ತು. "ಬರೀ ಕಂದು ಮಣ್ಣು."

ಪೋಸ್ಟ್‌ಮನ್ ಕೆಮ್ಮಿದ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತಲ್ಲ, ಅದೂ ಗಂಡನನ್ನು ಕಳಿಸುವ ದಿನವೇ, ಎಂದು ಅತ್ತೆಗೆ ಸಂಕಟವಾಯಿತು.

ಬೇಕರಿಯವರು ಹತ್ತಿರ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ತಂದೆಯೆಂದರೆ ಪ್ರಾಣ ಬಿಡುತ್ತಿದ್ದವರು. "ಸಾಕು ಬಿಡಿ ಅಕ್ಕ," ಎಂದು ಮೆಲ್ಲಗೆ ಹೇಳಿದರು. "ಹೋದೋರ ಮೇಲೆ ನಂಗೆ ಸಿಟ್ಟಿಲ್ಲ. ನಾನು ಕ್ಷಮಿಸಿ ಎಷ್ಟೋ ವರ್ಷ ಆಯ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಕ್ಷಮೆ ಯಾರು ಕೇಳಿದ್ರು ನಿಮ್ಮನ್ನ? ಅದು ತಪ್ಪು ಮಾಡ್ದೋರಿಗೆ ಕೊಡೋದು, ಇಟ್ಕೊಳ್ಳಿ," ಎಂದು ಅಳಿಯನ ಕಡೆ ತಿರುಗಿದಳು. "ನೀನು ತೋಡು."

ಅಳಿಯ ಮರುಮಾತಾಡದೆ ಸಲಿಕೆ ಎತ್ತಿದ. ಒಂದು ಗೇಣು ಹೋಯಿತು. ಇನ್ನೂ ನಾಲ್ಕು ಬೆರಳು. ಇಷ್ಟು ಹೊತ್ತು ಕಲ್ಲಿಗೆ ತಾಗಿ ಕರಕರ ಎನ್ನುತ್ತಿದ್ದ ಸಲಿಕೆ ಸದ್ದಿಲ್ಲದೆ ಒಳಗಿಳಿಯಿತು. ಅವನು ಎತ್ತಿ ಹಾಕಿದ ಹೆಂಟೆ ಮಸಿಯಷ್ಟು ಕಪ್ಪಗಿತ್ತು.

"ಇಳೀರಿ ಮೇಡಂ," ಎಂದಳು ಅತ್ತೆ.

"ಇದು ಅವರ..." ಎಂದು ಮೇಡಂ ಹಿಂದೆಗೆದಳು.

"ಅವರ ಜಾಗಾನೇ. ನಾನು ಹೇಳ್ತಿದ್ದೀನಲ್ಲ, ಇಳೀರಿ."

ಮೇಡಂ ಒಳ್ಳೆಯ ಬೂಟಿನಲ್ಲೇ ಏಣಿ ಇಳಿದು ಮಂಡಿಯೂರಿ, ಚಾಕುವಿನಿಂದ ಗೋಡೆ ಕೆರೆದಳು. ಕೆರೆದಷ್ಟು ದೂರವೂ ನಾಲ್ಕು ಬೆರಳಗಲದ ಕಪ್ಪು ಪದರ. ಅದರ ಕೆಳಗೆ ನೀಲಿ ಜೇಡಿಮಣ್ಣು, ಅದರಲ್ಲೂ ಗೀರು ಬಿದ್ದ ಕಲ್ಲುಗಳು. ಅವಳಿಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ.

"ಎರಡು ಸಲ ಬಂದಿತ್ತು ಹಿಮ," ಎಂದು ತಲೆ ಎತ್ತಿ ಹೇಳಿದಳು. "ಈ ನೀಲಿ ಮಣ್ಣು ಮೊದಲ್ನೇ ಸಲದ್ದು. ಅದು ಕರಗಿ, ಬೆಚ್ಚಗಾಗಿ, ಇಲ್ಲಿ ಕಾಡು ಬೆಳೀತು. ಸಾವಿರಾರು ವರ್ಷದ ಕಾಡು. ಆಮೇಲೆ ಮತ್ತೆ ಹಿಮ ಬಂದು ಅದರ ಮೇಲೆ ಕೂತುಬಿಡ್ತು. ಬೇರೆ ಕಡೆ ಎಲ್ಲ ಕೆರೆದು ಹಾಕಿದೆ. ಈ ತಗ್ಗಲ್ಲಿ ಮಾತ್ರ ಉಳಿದಿದೆ. ಎಷ್ಟು ಹಳೇದು ಅಂತ ಪರೀಕ್ಷೆ ಮಾಡದೆ..."

"ಪರೀಕ್ಷೆ ಆಮೇಲೆ ಮಾಡ್ಕೊಳ್ಳಿ. ಪೆಟ್ಟಿಗೆ ಹೌದೋ ಅಲ್ವೋ, ಅಷ್ಟು ಹೇಳಿ."

"ಅಲ್ಲ. ಈ ಜಾಗದಲ್ಲಿ ಯಾರನ್ನೂ ಹೂತಿಲ್ಲ. ಪೆಟ್ಟಿಗೆಯಾಗಿದ್ರೆ ನಾಲ್ಕೂ ಗೋಡೆ ಹಾಯ್ದು ಹೋಗ್ತಿರಲಿಲ್ಲ. ಅವರು ತಂದಿದ್ದು ಈ ಕಾಡಿನ ಮರ. ತಪ್ಪು ಹೇಳಿದ್ದು ನಾನು."

"ಇನ್ನೊಂದ್ಸಲ ಹೇಳಿ. ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

ಮೇಡಂ ಎದ್ದು ನಿಂತು, ಗುಂಡಿಯೊಳಗಿಂದಲೇ, ಗಟ್ಟಿಯಾಗಿ ಇನ್ನೊಂದು ಸಲ ಹೇಳಿದಳು. ದರ್ಜಿ ಪೋಸ್ಟ್‌ಮನ್ನನ ಮುಖ ನೋಡಿದ. ಪೋಸ್ಟ್‌ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬೇಕರಿಯವರು ಆ ಕಪ್ಪು ಹೆಂಟೆಯನ್ನು ಎತ್ತಿಕೊಂಡು, ಹಿಟ್ಟಿನ ಹದ ನೋಡುವವರಂತೆ ಎರಡೂ ಕೈಯಲ್ಲಿ ಹಿಸುಕಿದರು. ಅದು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡಿತು. ಒಳಗೊಂದು ಕಡ್ಡಿ, ಲಟ್ಟಣಿಗೆ ಆಡಿಸಿದ ಹಾಗೆ ಚಪ್ಪಟೆಯಾದದ್ದು. ಅದರ ಪಕ್ಕ ಒಂದು ಎಲೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಪೆಟ್ಟಿಗೆ ಬಂತು. ಅಳಿಯ ಬಿಳಿ ಹಗ್ಗಗಳನ್ನು ಅಡಿಯಿಂದ ತೂರಿಸಿ ನಾಲ್ಕು ತುದಿ ಹೊರಗೆಳೆದ. ಮೂರು ತುದಿ ಹಿಡಿಯಲು ಜನ ಮುಂದೆ ಬಂದರು, ತಲೆಯ ಕಡೆಯದೊಂದನ್ನು ಅವನೇ ಹಿಡಿದಿದ್ದ.

"ಅಕ್ಕ, ಅದು ನಾನು ಹಿಡೀಲಾ?" ಎಂದರು ಬೇಕರಿಯವರು.

ಅತ್ತೆ ತಾನು ನಿಂತ ಜಾಗದಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು. ಅಳಿಯ ಹಗ್ಗ ಕೊಟ್ಟ. "ಕೈ ಒರೆಸ್ಕೊಳ್ಳಿ, ಜಾರುತ್ತೆ," ಎಂದ. ಬೇಕರಿಯವರು ಒರೆಸಿಕೊಳ್ಳಲಿಲ್ಲ. ಕಾಲು ಅಗಲಿಸಿ ನಿಂತು, ಬೇಕರಿಯಲ್ಲಿ ಬೆಳೆದ ದೊಡ್ಡ ತೋಳುಗಳ ತುಂಬ ಭಾರ ತೆಗೆದುಕೊಂಡು, ಒಂದೊಂದೇ ಹಿಡಿ ಬಿಡತೊಡಗಿದರು. ಹಿಡಿ ಬಿಟ್ಟಲ್ಲೆಲ್ಲ ಬಿಳಿ ಹಗ್ಗದ ಮೇಲೆ ಐದು ಬೆರಳು ಕಪ್ಪಗೆ ಮೂಡಿ, ಆರಡಿಯ ಹಿಂದೆ ಒಂದರ ಕೆಳಗೊಂದು ಇಳಿದು ಹೋದವು.