ನಾಲ್ಕನೆಯ ಸ್ಕ್ರೂ

ಎಳ್ಳೆಣ್ಣೆ ಸೀದ ವಾಸನೆ, ಒಲೆಯ ಮೇಲೆ ಏನೂ ಇಲ್ಲವಲ್ಲ, ಓ, ಇದು ಮೊಳೆಯದು, ಕೆಂಪಗೆ ಕಾಯಿಸಿ ಸ್ಕ್ರೂ ತಲೆಗೆ ಒತ್ತಿದೆನಲ್ಲ, ನೆನೆಯಲೆಂದು ನಿನ್ನೆ ಬಿಟ್ಟ ಎಣ್ಣೆ ಹೊಗೆಯಾಡುತ್ತಿದೆ — ಆಡಲಿ, ಉಳಿದ ಮೂರು ಹೀಗೆಯೇ ಬಂದವು, ನೀನೊಬ್ಬ ಯಾವ ಸುಲ್ತಾನನ ಮಗ, ಬಾ ಹೊರಗೆ. ಕೋವಿಯನ್ನು ತಲೆವಸ್ತ್ರದಲ್ಲಿ ಸುತ್ತಿ ತೊಡೆಗಳ ನಡುವೆ ಇರುಕಿಕೊಂಡಿದ್ದೇನೆ, ಅಲುಗದಂತೆ ಹಿಡಿಯಲು ಇನ್ನೊಂದು ಜೊತೆ ಕೈ ಇದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು, ಆದರೆ ಮೂರು ಅಂತಸ್ತಿನ ಈ ಕಲ್ಲಿನ ಮನೆಯಲ್ಲಿ ಈಗ ಇರುವುದು ನನ್ನ ಎರಡೇ ಕೈ, ಮಗ ಶಾಯಿಫ್ ಓಡಿಹೋಗಿ ನಲವತ್ತು ದಿನ, ಎರಡು ದಿನ ಬಿಟ್ಟು ಅವನ ತಾಯಿ ಅಣ್ಣನ ಮನೆಗೆ ಹೋದಳು, ಹೋಗುವಾಗ ಹಿಟ್ಟಿನ ಡಬ್ಬಿ ತೋರಿಸಿ, ರೊಟ್ಟಿ ಸುಟ್ಕೊಳ್ಳೋಕೆ ಬರುತ್ತಲ್ಲ ನಿಮಗೆ, ಅಂದಳು, ಬರುವುದಿಲ್ಲ, ಅದು ಅವಳಿಗೂ ಗೊತ್ತು. ನೀರಿಗೆ ಹೋದರೆ ಹೆಂಗಸರು ಕ್ಯಾನ್ ಎತ್ತಿಕೊಂಡು ಅತ್ತ ಸರಿಯುತ್ತಾರೆ, ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ, ಎಂದು ಬೆನ್ನ ಹಿಂದೆ ಒಬ್ಬಳು, ಹೌದಮ್ಮ, ಮುದ್ದು, ಮುದ್ದಲ್ಲದೆ ಇನ್ನೇನು ಮಾಡಲಿ, ನನಗಿರುವುದು ಅವನೊಬ್ಬ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಶೇಖ್ ರಾಜಿಹ್ ಅವರ ಅಂಗಳದಲ್ಲಿ ಎರಡು ಕೋವಿ ಮಲಗಬೇಕು, ನನ್ನದೊಂದು, ಮಬ್ಖೂತ್‌ನದೊಂದು, ಇಟ್ಟರೆ ತೀರ್ಪಿಗೆ ತಲೆಬಾಗಿದಂತೆ, ಆಮೇಲೆ ಯಾರೂ ಶಾಯಿಫ್‌ನನ್ನು ಹುಡುಕಿಕೊಂಡು ಹೋಗಿ ಕೊಲ್ಲುವಂತಿಲ್ಲ. ಕೋವಿಯ ವಿಷಯದಲ್ಲಿ ಮಬ್ಖೂತ್ ಕೇಳಿದ್ದು ಇಷ್ಟೇ, ದುರ್ಬೀನು ಕೂರಿಸಲು ಈ ನಾಲ್ಕು ಸ್ಕ್ರೂಗಳಿಂದ ಬಿಗಿದ ಪಟ್ಟಿ ಅದರ ಮೇಲೆ ಇರಬಾರದು, ಅದನ್ನ ಕೂರಿಸಿದ್ದು ನನ್ನ ಮಗ ಕಣೋ ಮುಕ್ಬಿಲ್, ಸತ್ತವನ ಕೈಕೆಲಸ ನೋಡ್ತಾ ಕೂತಿರೋಕೆ ನನ್ನ ಕೈಲಿ ಆಗಲ್ಲ — ನಿಜ, ಜುಬ್ರಾನನೇ ಕೂರಿಸಿದ್ದು, ಇದೇ ಕಂಬಳಿಯ ಮೇಲೆ, ನಾಲಿಗೆಯ ತುದಿ ಕಚ್ಚಿಕೊಂಡು, ಪಕ್ಕದಲ್ಲಿ ಶಾಯಿಫ್ ಖಾತ್ ಎಲೆ ಜಗಿಯುತ್ತ, ಏನೋ, ಹೊಸ ಹೆಂಡತಿ ಉಗುರುಬಣ್ಣ ಕದ್ದು ತಂದಿದೀಯಾ, ನಿನ್ನ ಉಗುರಿಗೇನೋ, ಎಂದು ಕೀಟಲೆ, ಅವನು, ಮುಚ್ಚೋ ಬಾಯಿ, ಇದನ್ನ ಸ್ಕ್ರೂ ಸುರುಳಿಗೆ ಹಚ್ಚಿ ಬಿಗಿದ್ರೆ ಎಷ್ಟು ಗುಂಡು ಹಾರಿಸಿದ್ರೂ ಸಡಿಲ ಆಗಲ್ಲ, ಅಲ್ವಾ ಚಿಕ್ಕಪ್ಪಾ? ನನಗೇನಪ್ಪ ಗೊತ್ತು ನಿಮ್ಮ ಹೊಸ ವಿದ್ಯೆ, ಅಂದೆ, ಚಹಾ ಕೊಟ್ಟೆ, ಚಿಕ್ಕಪ್ಪ ಚಹಾ ಮಾಡಿಲ್ಲ, ಪಾಕ ಮಾಡಿದಾರೆ, ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಂದೇ ತಟ್ಟೆಯಲ್ಲಿ ಉಂಡವರು. ಒಂದು ದಿನ ಹೊಲದ ನೀರಿನ ಸರದಿಗೆ ಮಾತಿಗೆ ಮಾತು ಬೆಳೆಯಿತು, ಮರುದಿನ ಬೆಳಿಗ್ಗೆ ಜುಬ್ರಾನ್ ಕಾಲುವೆ ತಿರುಗಿಸುತ್ತಿದ್ದ, ನಮ್ಮ ಮಾಳಿಗೆಯಿಂದ ಒಂದು ಗುಂಡು.

ಬಾ ಎಂದರೆ, ಹಾಳಾದ್ದು, ತಲೆಯ ಗೀರು ಸವೆಯುತ್ತಿದೆ, ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿಗೆ ಚುಚ್ಚಿತು, ಥೂ. ಬಂಡೆಗೆ ಗುರಿ ಇಟ್ಟಿದ್ದೆ ಅಪ್ಪಾ, ಹೆದರಿಸೋಕೆ ಅಷ್ಟೇ, ಪಟ್ಟಿ ಸಡಿಲ ಆಗಿ ದುರ್ಬೀನು ಅಲ್ಲಾಡ್ತಿತ್ತು, ಗುಂಡು ಎಲ್ಲಿಗೋ ಹೋಯ್ತು, ಎಂದು ಶಾಯಿಫ್ ಫೋನಿನಲ್ಲಿ ಅತ್ತ, ದುರ್ಬೀನನ್ನು ಅವನೇ ಒಯ್ದಿದ್ದ, ಕೋವಿ ಹಾಸಿಗೆಗಳ ಹಿಂದೆ ಬಿದ್ದಿತ್ತು, ನಾನು ಅದನ್ನು ಮುಟ್ಟಿಯೂ ನೋಡಲಿಲ್ಲ, ಮಗ ಅಳುತ್ತಿದ್ದಾನೆ, ಮುಟ್ಟಿ ನೋಡುವುದೇನು. ಶೇಖ್ ರಾಜಿಹ್ ಅವರಿಗೆ ಹಾಗೆಯೇ ಹೇಳಿದೆ. ಮಬ್ಖೂತ್ ತಲೆ ತಗ್ಗಿಸಿ ಕೇಳಿದ, ಬೇರೆ ಸಾಕ್ಷಿ ಬೇಡ, ಮುಕ್ಬಿಲ್ ಕುರಾನ್ ಮುಟ್ಟಿ ಸಡಿಲ ಇತ್ತು ಅಂದ್ರೆ ಸಾಕು, ನನಗೆ ಪರಿಹಾರವೂ ಬೇಡ, ಹುಡುಗ ಊರಿಗೆ ಬರ್ಲಿ, ಅಂದ. ಇವತ್ತು ಆ ಅಂಗಳದಲ್ಲಿ ಕುರಾನ್ ಮುಟ್ಟಬೇಕು. ಮೊದಲನೆಯ ಸ್ಕ್ರೂ ಬಂದಾಗ ನನ್ನನ್ನೇ ಹೊಗಳಿಕೊಂಡೆ, ಎಲಾ ಮುದುಕ, ಇನ್ನೂ ತಾಕತ್ತಿದೆ, ಎರಡನೆಯದಕ್ಕೆ ಬೈದೆ, ಮೂರನೆಯದಕ್ಕೆ ಎರಡು ಸಲ ಮೊಳೆ ಕಾಯಿಸಿದೆ, ಒಣಗಿದ ಕೆಂಪು ಉಗುರುಬಣ್ಣ ಪುಡಿಯಾಗಿ ಉದುರಿತು, ಆಗ ಕೈ ನಿಂತಿತು — ಸಡಿಲವಾಗಿದ್ದುದನ್ನು ಬಿಚ್ಚಲು ಬೆಳಗಿನಿಂದ ಯಾಕಪ್ಪ ಒದ್ದಾಡುತ್ತಿದ್ದೇನೆ? ಯಾರನ್ನು ಕೇಳಲಿ, ಹೆಂಡತಿ ಇದ್ದಿದ್ದರೆ, ಸುಮ್ಮನಿರ್ರೀ, ಅನ್ನುತ್ತಿದ್ದಳು, ಅಷ್ಟಾದರೂ ಯಾರಾದರೂ ಅನ್ನಬೇಕಲ್ಲ. ಇರಲಿ, ಸಡಿಲವಾಗಿದ್ದುದು ಈ ನಾಲ್ಕನೆಯದೇ ಇರಬಹುದು ಎಂದುಕೊಂಡೆ, ಒಂದು ಸಡಿಲವಾದರೂ ಸಾಕಲ್ಲ, ಒಂದು.

ಕೆಳಗೆ ಬಾಗಿಲಲ್ಲಿ ಕೆಮ್ಮು. ನಲವತ್ತು ದಿನದಲ್ಲಿ ಈ ಬಾಗಿಲಿಗೆ ಬಂದ ಮೊದಲ ಮನುಷ್ಯ, ಅದೂ ಮಬ್ಖೂತ್, ಅವನ ಕೆಮ್ಮು ನನಗೆ ಗೊತ್ತಿಲ್ಲವೇ, ಎದೆ ಹಿಗ್ಗಿತು, ನಾಚಿಕೆಗೆಟ್ಟ ಎದೆ, ಬಾರೋ ಮೇಲೆ, ಚಹಾ ಇಡ್ತೀನಿ, ಅನ್ನುವುದು ಬಾಯಿಗೇ ಬಂದಿತ್ತು. ಬರ್ತೀಯೇನೋ ಮುಕ್ಬಿಲ್, ಜೊತೇಲೇ ಹೋಗೋಣ, ಒಬ್ಬೊಬ್ರೇ ಹೋಗೋದು ಬೇಡ, ಅನ್ನುತ್ತಿದ್ದಾನೆ, ಆ ಪಟ್ಟಿ ಬಿಚ್ಚೋಕೆ ಆಗ್ಲಿಲ್ವಾ, ಇರ್ಲಿ ಬಿಡು, ಹಾಗೇ ತಗೊಂಡ್ ಬಾ, ನಾನು ಆ ಕಡೆ ನೋಡಲ್ಲ. ಬಂದೆ ಅನ್ನಬೇಕು, ಬಂದೆ, ಒಂದೇ ನಿಮಿಷ, ಎರಡೂ ಕೈಯಿಂದ ಒತ್ತುತ್ತೇನೆ, ಇಡೀ ಮೈ ಭಾರ ಹಾಕಿ ತಿರುಗಿಸುತ್ತೇನೆ, ಪೂರಾ ಬರಬೇಡ ಮಾರಾಯ, ಒಂದು ಕೂದಲೆಳೆಯಷ್ಟು, ಕುರಾನಿನ ಮೇಲೆ ಕೈ ಇಡುವಷ್ಟು, ನನ್ನ ಮಗ ಸುಳ್ಳು ಹೇಳಿಲ್ಲ ಅನ್ನುವಷ್ಟು ಸಡಿಲವಾಗು, ಕೆಳಗೆ ಅವನು ಕಾಯುತ್ತಿದ್ದಾನೆ, ಸ್ಕ್ರೂ ತಲೆ, ಸವೆದ ಗೀರು, ಅದರ ಸುತ್ತ ಒಂದು ಕೆಂಪು ಗೆರೆ, ಎಲ್ಲಿಯೂ ಬಿರುಕಿಲ್ಲ, ತಿರುಗಿಸುತ್ತೇನೆ, ಕೆಂಪು ಗೆರೆ, ಬಿರುಕಿಲ್ಲ, ತಿರುಗಿಸುತ್ತೇನೆ, ಕದಲುತ್ತಿಲ್ಲ