ಒದ್ದೆ ಗಂಟು

ಮಗಳು ತಂಬಿಗೆಯಲ್ಲಿ ಬೆರಳದ್ದಿ, ಹರವಿದ ಅಂಗಿಯ ಮೇಲೆ ನೀರು ಚಿಮುಕಿಸಿದಳು. ತೋಳುಗಳನ್ನು ಒಳಗೆ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ, ಗಂಟಿನೊಳಗೆ ತುರುಕಿದಳು. ಗಂಟಿಗೆ ಗಾಳಿ ತಾಗಬಾರದು. ತಾಗಿದರೆ ಅಂಚು ಆರಿ, ಇಸ್ತ್ರಿ ಸರಿಯಾಗಿ ಕೂರುವುದಿಲ್ಲ. ಮಾತು ಬರುವ ಮೊದಲೇ ಅವಳ ಕೈಗೆ ಬಂದ ಕೆಲಸ ಅದು. ಮಾತು ಈಗಲೂ ಅಷ್ಟಕ್ಕಷ್ಟೇ.

ತಗಡಿನ ಸೂರಿನ ಕೆಳಗೆ ಅಪ್ಪ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ವಾರದಿಂದ ರಾತ್ರಿಯೂ ಸೆಕೆ ಇಳಿದಿರಲಿಲ್ಲ. ಮೈಯ ಬೆವರು ಆರುತ್ತಲೇ ಇರಲಿಲ್ಲ. ಬೆಳಗ್ಗೆಯೇ ಕರೆಂಟು ಹೋಗಿ ಫ್ಯಾನು ನಿಂತಿತ್ತು.

“ರೀ, ಮಧ್ಯಾಹ್ನ ಬೆಂಕಿ ಹತ್ರ ಇರ್ಬೇಡಿ ಅಂತ ರೇಡಿಯೋದಲ್ಲಿ ಬಡ್ಕೊಳ್ತಿದಾರೆ,” ಎಂದಳು ಅಮ್ಮ. “ಇನ್ನು ವರ್ಷಾ ವರ್ಷಾ ಸೆಕೆ ಹೀಗೇ ಏರುತ್ತಂತೆ.”

“ರೇಡಿಯೋದವರು ಬಂದು ಇಸ್ತ್ರಿ ಮಾಡ್ಕೊಡ್ತಾರೇನೇ? ಏರ್ಲಿ ಬಿಡು, ಕೆಂಡದ ಖರ್ಚು ಉಳೀತು. ಪೆಟ್ಟಿಗೇನ ಈ ತಗಡಿಗೆ ತಾಗಿಸಿಟ್ರೆ ಸಾಕು.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಲರಿಗೆ ಪೆಟ್ಟಿಗೆ ಒತ್ತಿದ ಅಪ್ಪ ಮತ್ತೆ ಎತ್ತಲಿಲ್ಲ. ಬಟ್ಟೆ ಸುಟ್ಟ ವಾಸನೆ ಬಂತು. “ಯಾರ ಅಂಗಿ ಇದು?” ಎಂದು ತೊದಲಿ, ಮೇಜು ಹಿಡಿದುಕೊಂಡೇ ಕುಸಿದ.

ಇಬ್ಬರೂ ಅವನನ್ನು ಒಳಕೋಣೆಗೆ ಎಳೆದು ಮಲಗಿಸಿದರು. ಹಣೆ ಸುಡುತ್ತಿತ್ತು. ಆಂಬುಲೆನ್ಸಿನ ಫೋನು ಹತ್ತಿದ್ದು ಎಷ್ಟೋ ಹೊತ್ತಿನ ಮೇಲೆ. “ಊರೆಲ್ಲಾ ಹೀಗೇ ಬಿದ್ದಿದಾರಮ್ಮಾ, ಗಾಡಿ ತಡ ಆಗುತ್ತೆ. ಮೈ ಒದ್ದೆ ಮಾಡಿ,” ಎಂದಿತು ಆ ಕಡೆಯ ದನಿ. ಅಷ್ಟು ಕೇಳಿದ್ದೇ ಅಮ್ಮ ಫೋನನ್ನು ಮಗಳ ಕೈಗೆ ತುರುಕಿ ಬಕೆಟ್ಟಿಗೆ ಓಡಿದಳು. “ಬಟ್ಟೆ ಸಡಿಲ ಮಾಡಿ, ಚೆನ್ನಾಗಿ ಗಾಳಿ ಬೀಸಿ,” ಎಂದದ್ದು ಕೇಳಿಸಿದ್ದು ಮಗಳೊಬ್ಬಳಿಗೇ.

ಅಮ್ಮ ದಪ್ಪ ಚಾದರ ನೆನೆಸಿ, ಅಪ್ಪನ ಕೈಗಳನ್ನು ಒಳಗೆ ಮಡಚಿ, ಕೊರಳಿನವರೆಗೆ ಬಿಗಿಯಾಗಿ ಸುತ್ತಿದಳು. ಕಿಟಕಿ ಮುಚ್ಚಿದಳು. ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ಕೂತಳು.

“ಅಮ್ಮಾ, ಗಾಳಿ ಬೇಕಂತೆ...”

“ಸುಮ್ನಿರೇ! ಗಾಳಿ ತಾಗಿದ್ರೆ ಆರೋಗುತ್ತೆ.”

ಮಗಳು ಫೋನು ಕೆಳಗಿಟ್ಟಳು.

ಅಪ್ಪನ ಉಸಿರು ಮೊದಲು ಜೋರಾಗಿತ್ತು. ಆಮೇಲೆ ತಡೆತಡೆದು ಬಂತು. ಆಮೇಲೆ ಕಾದ ತಗಡು ಚಟಚಟ ಎನ್ನುವುದಷ್ಟೇ ಕೇಳಿಸಿತು. ಮಗಳು ಚಾದರದ ಮೇಲೆ ಕೈಯಿಟ್ಟಳು. ಈಗಷ್ಟೇ ಇಸ್ತ್ರಿ ಹಾಯಿಸಿದಷ್ಟು ಬಿಸಿಯಾಗಿತ್ತು.

ಅಮ್ಮ ಬಾಗಿಲ ಬಳಿ ಕೂತಲ್ಲಿಂದಲೇ ತಂಬಿಗೆಯಲ್ಲಿ ಬೆರಳದ್ದಿ ಅಪ್ಪನ ಮುಖಕ್ಕೆ ಚಿಮುಕಿಸುತ್ತಲೇ ಇದ್ದಳು.

“ಅಮ್ಮಾ,” ಎಂದಳು ಮಗಳು, “ಬಾಗಿಲು ತೆಗಿ.”