ಹಿಪ್ಪಲಿ ಪುಡಿ ಮಾಡಿದ ಜಾರು

ಮೆಣಸಿನಕಾಯಿ ಇಲ್ಲದ ಯುರೋಪನ್ನು ಹುಡುಕಿ ಹುಡುಕಿ ಮೂರು ವಾರದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ನಾನು ಲೂರ್ದ್, ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆರುನೂರು ವರ್ಷದ ಹಿಂದೆ ಯುರೋಪಿನವರು ಉಣ್ಣುತ್ತಿದ್ದ ಊಟವನ್ನೇ ಒಂದು ಔತಣದಲ್ಲಿ ಬಡಿಸುತ್ತೇವೆ ಎಂದು ಹೋಟೆಲಿನವರು ಡಂಗುರ ಹೊಡೆದರು. ಆ ಅಡುಗೆಗಳನ್ನು ಹುಡುಕುವ ಕೆಲಸ ನನ್ನ ತಲೆಗೆ ಕಟ್ಟಿದರು. ಓದಿದಷ್ಟೂ ಹೆದರಿಕೆ ಹೆಚ್ಚಾಯಿತು. ಟೊಮೆಟೊ ಇಲ್ಲ, ಬಟಾಟೆ ಇಲ್ಲ, ಬೀನ್ಸ್ ಇಲ್ಲ, ಮೆಣಸಿನಕಾಯಿಯಂತೂ ಇಲ್ಲವೇ ಇಲ್ಲ. ಎಲ್ಲ ಆಮೇಲೆ ಅಮೆರಿಕದಿಂದ ಬಂದವು. ಹಾಗಾದರೆ ಉಣ್ಣುವುದೇನು, ಮಣ್ಣಾ? ಟರ್ನಿಪ್, ಕ್ಯಾಬೇಜ್, ಈರುಳ್ಳಿ. ಖಾರಕ್ಕೆ ಹಿಪ್ಪಲಿ. ಕೆಮ್ಮು ಬಂದರೆ ಅಜ್ಜಿ ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದ ಅದೇ ಹಿಪ್ಪಲಿ!

"ಒಂದೇ ಒಂದು ತಪ್ಪು ಆಗ್ಬಾರ್ದು," ಎಂದಿದ್ದರು ಹೆಡ್ ಶೆಫ್ ಲೆಸ್ಟರ್. "ಹಳೇ ಅಡುಗೆ ಬಗ್ಗೆ ಪುಸ್ತಕ ಬರೆಯುವ ಮೇಡಮ್ ಬರ್ತಾರೆ. ನಿನ್ನ ವೀಸಾ ರಿನ್ಯೂವಲ್ ಪೇಪರ್ ನನ್ನ ಟೇಬಲಿನಲ್ಲೇ ಉಂಟು, ನೆನಪಿರ್ಲಿ."

ನೆನಪಿಲ್ಲದೆ ಇರುತ್ತದೆಯೇ? ಗಂಡ ಮಾರ್ಸೆಲ್‌ರ ಕೆಲಸ ಹೋದ ಮೇಲೆ ಅವರೂ ಮಗಳು ಸ್ಟೇಸಿಯೂ ನನ್ನ ವೀಸಾದಲ್ಲೇ ಇದ್ದಾರೆ. ಸ್ಟೇಸಿಗೆ ಈ ವರ್ಷ ಹತ್ತನೇ ಕ್ಲಾಸಿನ ಪರೀಕ್ಷೆ.

ಭಟ್ಕಳದ ಅಬ್ದುಸ್ಸಲಾಮ್ ಭಾಯ್ ಇಲ್ಲಿನ ತಮ್ಮ ಮಸಾಲೆ ಅಂಗಡಿಯಲ್ಲಿ ಹುಡುಕಿ ಹಿಪ್ಪಲಿ ಕೊಟ್ಟರು. ಹೋಟೆಲಿನ ಮಿಕ್ಸಿಯಲ್ಲಿ ದಿನಾ ಮೆಣಸಿನಕಾಯಿ ಪುಡಿ ಮಾಡುತ್ತಾರೆ, ಅದರ ಸಹವಾಸವೇ ಬೇಡವೆಂದು ಇಲ್ಲೇ ಕರಾಮದಲ್ಲಿರುವ ನಮ್ಮ ಮನೆಗೆ ಒಯ್ದು ನಮ್ಮದೇ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ ತಂದೆ. ಎಂಥ ಬುದ್ಧಿವಂತಿಕೆ ನನ್ನದು!

ಔತಣದ ಸಂಜೆ ಕುರಿಮಾಂಸಕ್ಕೆ ಆ ಪುಡಿ ಬಿದ್ದು, ತಟ್ಟೆಗಳು ಹೊರಗೆ ಹೋಗಿದ್ದವು. ಆಗ ಮಾರ್ಸೆಲ್ ಫೋನ್ ಮಾಡಿದರು.

"ಹಂದಿಗೆ ಬಫಾತ್ ಪುಡಿ ಹಾಕಿ ಆಯ್ತು ಮಾರಾಯ್ತಿ. ಮೊನ್ನೆ ನಾನೇ ಮಾಡಿಟ್ಟದ್ದು. ಎಂತ ಬಣ್ಣ ಗೊತ್ತುಂಟಾ!"

ಬಫಾತ್ ಎಂಬ ನಮ್ಮೂರ ಮಸಾಲೆ ಪುಡಿಯಲ್ಲಿ ಅರ್ಧಕ್ಕರ್ಧ ಕೆಂಪು ಮೆಣಸು. ನಾನು ಹಿಪ್ಪಲಿ ಪುಡಿ ಮಾಡಿದ್ದು ನಿನ್ನೆ.

"ಯಾವ ಜಾರಿನಲ್ಲಿ ಮಾಡಿದ್ದು?"

"ಸಣ್ಣದ್ರಲ್ಲಿ."

"ತೊಳೆದಿದ್ರಾ?"

"ಒರೆಸಿಟ್ಟೆ. ಒಣಪುಡಿ ಜಾರಿಗೆ ನೀರು ತಾಗಿಸ್ಬಾರ್ದು ಅಂತ ಮದುವೆಯಾದಾಗಿಂದ ನೀನೇ ಬೊಬ್ಬೆ ಹೊಡೆಯೋದಲ್ವಾ?"

ನನ್ನದೇ ರೂಲ್. ಯಾರಿಗೆ ಬೈಯಲಿ? ಉಳಿದ ಪುಡಿಯನ್ನು ಬಿಳಿ ತಟ್ಟೆಗೆ ಸುರಿದು ನೋಡಿದೆ. ಬೂದು ಬಣ್ಣದ ನಡುವೆ ಕೆಂಪು ಚೂರುಗಳು ಕಂಡವು. ದೇವರೇ, ಯಾರಿಗೂ ಗೊತ್ತಾಗದಿರಲಿ ಎಂದು ಪುಡಿಯನ್ನು ಮತ್ತೆ ಬಾಟಲಿಗೆ ತುಂಬಿದೆ.

ಅಷ್ಟರಲ್ಲಿ ಲೆಸ್ಟರ್ ಕರೆದರು. ನಗುತ್ತಿದ್ದರು! ಮೇಡಮ್ಮಿನ ತಟ್ಟೆ ಖಾಲಿಯಾಗಿತ್ತು.

"ಈ ಖಾರ ನನಗೆ ಓದಿ ಮಾತ್ರ ಗೊತ್ತಿತ್ತು," ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದರು. "ಹಿಪ್ಪಲಿಯ ರುಚಿ ಹೀಗೆಯೇ ಇತ್ತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಉಳಿದ ಪುಡಿ ನನಗೆ ಕೊಡುತ್ತೀಯಾ?"

ಬಾಟಲಿ ಚಾಚಿದೆ. ಆಕೆ ಹಿಡಿದರು, ಆದರೆ ನನ್ನ ಬೆರಳು ಬಿಡಲಿಲ್ಲ. ಸ್ಟೇಸಿಯ ಮುಖ ಕಣ್ಣಮುಂದೆ ಬಂತು. ಸುಮ್ಮನಿರು ಲೂರ್ದ್, ಸುಮ್ಮನಿರು. ಆದರೆ ನಿಜವೆಂದು ನಂಬಿ ಪುಸ್ತಕದಲ್ಲಿ ಬರೆಯುತ್ತಾರಲ್ಲ! ಮೂರು ವಾರ ನಿದ್ದೆಗೆಟ್ಟು ಹುಡುಕಿದ್ದು ಈ ಸುಳ್ಳಿಗಾ?

"ಬೇಡ ಮೇಡಮ್. ಇದರಲ್ಲಿ ನಮ್ಮ ಮನೆಯ ಕೆಂಪು ಮೆಣಸು ಸೇರಿದೆ."

ಲೆಸ್ಟರ್ ಮುಖದ ನಗು ಆರಿತು. ಮೇಡಮ್ ನೋಟ್‌ಬುಕ್ ತೆರೆದು ಒಂದು ಸಾಲನ್ನು ಉದ್ದಕ್ಕೆ ಹೊಡೆದುಹಾಕಿದರು. ಆಮೇಲೆ ನನ್ನನ್ನೇ ನೋಡಿದರು.

"ನಾಳೆ ಇನ್ನೊಮ್ಮೆ ಪುಡಿ ಮಾಡಿ ಕೊಡುತ್ತೀಯಾ?"

"ನಾಳೆ ಇವಳು ಇಲ್ಲಿ ಇರುವುದಿಲ್ಲ ಮೇಡಮ್," ಎಂದರು ಲೆಸ್ಟರ್.

ಹಿಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತು ಮಾರ್ಸೆಲ್‌ಗೆ ಫೋನ್ ಮಾಡಿದೆ.

"ಹೇಗಾಯ್ತು? ಪೇಪರಿಗೆ ಸೈನ್ ಹಾಕಿದ್ರಾ?"

"ಖಲಾಸ್. ಕೆಲಸ ಹೋಯ್ತು," ಎಂದೆ. ಆಗ ಅಳು ಬಂತು. ನಾನು ಮೂಗು ಒರೆಸಿಕೊಂಡೆ. "ಅಂಗಡಿ ಮುಚ್ಚುವ ಮೊದಲು ಹೋಗಿ ಒಂದು ಹೊಸ ಜಾರು ತನ್ನಿ. ನಾಳೆ ಬೆಳಿಗ್ಗೆ ಆ ಮೇಡಮ್ಮಿಗೆ ಹಿಪ್ಪಲಿ ಪುಡಿ ಮಾಡಿ ಕೊಡ್ಲಿಕ್ಕುಂಟು."